ಎರಡನೇ ಅವಕಾಶ ಕೊಡುವ ಹಕ್ಕು ಯಾರದು?

ಈಚೆಗೆ ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿಯೊಂದಕ್ಕೆ ಮದುವೆಗೆಂದು ಹೋಗಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹುಣಸೂರಿನಲ್ಲಿ ಉಪವಿಭಾಗಾಧಿಕಾರಿಯಾಗಿದ್ದಾಗ ಪರಿಚಯವಾದ ರೈತರೊಬ್ಬರ ಮಗಳ ಮದುವೆ ಅದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳು ಆಗ ನನ್ನ ವ್ಯಾಪ್ತಿಯಲ್ಲಿದ್ದವು. ಕೃಷ್ಣರಾಜನಗರದ್ದು ಹೆಚ್ಚಾಗಿ ನಾಲೆ ನೀರಿನ ಭತ್ತದ ಬದುಕು. ಉಳಿದ ಮೂರು ತಾಲ್ಲೂಕುಗಳ ಬದುಕು ಮಳೆ ಮತ್ತು ವರ್ಜೀನಿಯಾ ತಂಬಾಕಿನ ಹರಾಜು ದರವನ್ನು ನೆಚ್ಚಿಕೊಂಡದ್ದು. ಇಪ್ಪತ್ತೈದು ವರ್ಷಗಳ ನಂತರವೂ ಈ ಚಿತ್ರ ಹೆಚ್ಚು ಬದಲಾಗಿಲ್ಲ. ಬದಲಾಗಿರುವುದು ಹಣ ಹೋಗುವ ದಾರಿ.

ಊಟವಾದ ಮೇಲೆ ಆ ರೈತರ ಮಗ ನನ್ನ ಪಕ್ಕದಲ್ಲಿ ಬಂದು ಕುಳಿತು ಮೊಬೈಲ್ ತೋರಿಸಿದ. ಡಿಪ್ಲೊಮಾ ಓದಿದ ಹುಡುಗ. ಮೂರು ವರ್ಷಗಳ ಹಿಂದೆ ತಂಬಾಕು ಮಾರಿದ ಹಣದಲ್ಲಿ ಒಂದು ಪಾಲನ್ನು ಯಾವುದೋ ಡಿಜಿಟಲ್ ನಾಣ್ಯದ ಯೋಜನೆಗೆ ಹಾಕಿದ್ದನಂತೆ. ಕೆಲವು ತಿಂಗಳು ಲಾಭ ಬಂತು, ಅನಂತರ ಆ್ಯಪ್ ತೆರೆಯುವುದೇ ನಿಂತಿತು. ಈಗ ಅದೇ ವ್ಯಕ್ತಿ ಬೇರೆ ಹೆಸರಿನ ಹೊಸ ನಾಣ್ಯದೊಂದಿಗೆ ಮರಳಿದ್ದಾನೆ. ವಿಡಿಯೊದಲ್ಲಿ ಕೈಮುಗಿದು, ತಾನು ಸೋಲಿನಿಂದ ಪಾಠ ಕಲಿತಿರುವುದಾಗಿಯೂ ಹಳೆಯ ಸದಸ್ಯರಿಗೆ ರಿಯಾಯಿತಿ ಇರುವುದಾಗಿಯೂ ಹೇಳುತ್ತಾನೆ. ‘ಎಡವದೆ ಇರುವವರು ಯಾರಿದ್ದಾರೆ ಸರ್? ಇನ್ನೊಂದು ಸಲ ನಂಬಬಹುದಾ?’ ಎಂದು ಹುಡುಗ ಕೇಳಿದ. ನಾನು ಉತ್ತರಿಸುವ ಮೊದಲೇ ಅವನ ತಂದೆ ಹೇಳಿದ ಮಾತು ನನ್ನನ್ನು ಇನ್ನೂ ಕಾಡುತ್ತಿದೆ. ‘ಅವ್ರಿಗೆ ಎರಡ್ನೇ ಸಲನೂ ದುಡ್ಡು ಕೊಡೋರು ಅವ್ರೆ ಸ್ವಾಮಿ. ನಮ್ಗೆ ಒಂದ್ ಕಂತು ತಪ್ಪುದ್ರೆ ಬ್ಯಾಂಕ್ ಬಾಗ್ಲೇ ಮುಚ್ತು.’

ಅವರ ಕಥೆ ಹೀಗೆ. ಒಂದು ವರ್ಷ ಅತಿಮಳೆಗೆ ಸೊಪ್ಪು ಹಾಳಾಯಿತು. ಬ್ಯಾರನ್ನಿಗೆ ತಂದ ಸೌದೆಯ ಸಾಲವೂ ಉಳಿಯಿತು. ಬ್ಯಾಂಕಿನ ಕಂತು ತಪ್ಪಿತು. ಮುಂದೆ ಬ್ಯಾಂಕಿನವರೇ ಕರೆದು ಏಕಕಾಲಿಕ ತೀರುವಳಿ ಮಾಡಿಸಿದರು. ಕೇಳಿದಷ್ಟನ್ನೂ ಅವರು ಕಟ್ಟಿದರು. ಆದರೆ ಸಾಲದ ದಾಖಲೆಯಲ್ಲಿ ‘ಪೂರ್ತಿ ಪಾವತಿ’ ಎನ್ನುವ ಬದಲು ‘ತೀರುವಳಿ’ ಎಂಬ ಷರಾ ಉಳಿಯಿತು. ಆ ಒಂದು ಪದದಿಂದಾಗಿ ಮಗಳ ಮದುವೆಯ ಹೊತ್ತಿಗೆ ಅವರಿಗೆ ಯಾವ ಬ್ಯಾಂಕಿನಲ್ಲೂ ಸಾಲ ಹುಟ್ಟಲಿಲ್ಲ. ಮದುವೆ ನಡೆದದ್ದು ಕೈಸಾಲದಲ್ಲಿ.

ತಂದೆಯ ಮಾತು ಮತ್ತು ಮಗನ ಪ್ರಶ್ನೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂದು ನನಗೆ ಅನಿಸಿತು.

ಕ್ರಿಪ್ಟೊಕರೆನ್ಸಿ ಲೋಕ ತನ್ನವರನ್ನು ಕ್ಷಮಿಸುವುದರಲ್ಲಿ ಬಹಳ ಉದಾರಿ. 2022ರ ಮೇ ತಿಂಗಳಲ್ಲಿ ಟೆರಾ ಎಂಬ ನಾಣ್ಯ ಕುಸಿದು ಸುಮಾರು 4,000 ಕೋಟಿ ಡಾಲರ್ ಮೌಲ್ಯ ಕೆಲವೇ ದಿನಗಳಲ್ಲಿ ಕರಗಿತು. ಅದನ್ನು ಸ್ಥಾಪಿಸಿದ ಡೊ ಕ್ವಾನ್ ಅದಕ್ಕೂ ಮೊದಲು ಹೆಸರು ಮರೆಮಾಚಿ ನಡೆಸಿದ್ದ ಇನ್ನೊಂದು ಯೋಜನೆಯೂ ವಿಫಲವಾಗಿತ್ತೆಂಬುದು ಆಮೇಲೆ ವರದಿಯಾಯಿತು. ಮೊದಲ ಸೋಲು ಜನರಿಗೆ ಗೊತ್ತಿಲ್ಲದ ಕಾರಣ ಎರಡನೇ ಅವಕಾಶವನ್ನು ಯಾರೂ ಕೊಡಬೇಕಾಗಿಯೇ ಬರಲಿಲ್ಲ. ಅವರೇ ತೆಗೆದುಕೊಂಡರು. 2025ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಯಾಲಯ ಅವರಿಗೆ 15 ವರ್ಷಗಳ ಸಜೆ ವಿಧಿಸಿತು.

ಅದೇ 2022ರಲ್ಲಿ ದಿವಾಳಿಯಾದ ಥ್ರೀ ಆ್ಯರೋಸ್ ಕ್ಯಾಪಿಟಲ್ ಸಂಸ್ಥೆಯ ಸ್ಥಾಪಕರು ಮರುವರ್ಷವೇ ಹೊಸ ವಿನಿಮಯ ಕೇಂದ್ರವೊಂದನ್ನು ತೆರೆದರು. ದಿವಾಳಿಯೆದ್ದ ಕ್ರಿಪ್ಟೊ ಸಂಸ್ಥೆಗಳಿಂದ ಜನರಿಗೆ ಬರಬೇಕಾದ ಬಾಕಿಯನ್ನು ಕೊಂಡು ಮಾರುವುದೇ ಅದರ ವ್ಯವಹಾರ! ಊರಿಗೆ ಬೆಂಕಿ ಇಟ್ಟವನೇ ಬೂದಿ ವ್ಯಾಪಾರಕ್ಕೆ ಕುಳಿತಂತೆ. ಹಳೆಯ ಸಂಸ್ಥೆಯ ಲೆಕ್ಕ ಒಪ್ಪಿಸಲು ಸಹಕರಿಸಲಿಲ್ಲವೆಂದು ಆ ಸ್ಥಾಪಕರಲ್ಲೊಬ್ಬರು 2023ರಲ್ಲಿ ಸಿಂಗಪುರದಲ್ಲಿ ಬಂಧನಕ್ಕೊಳಗಾದರು. 2024ರ ಫೆಬ್ರುವರಿಯಲ್ಲಿ ಹೊಸ ಅಂಗಡಿಯೂ ಮುಚ್ಚಿತು. ಬೈನಾನ್ಸ್ ಸಂಸ್ಥಾಪಕ ಚಾಂಗ್‌ಪೆಂಗ್ ಝಾವೊ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 2024ರಲ್ಲಿ ನಾಲ್ಕು ತಿಂಗಳು ಸೆರೆವಾಸ ಅನುಭವಿಸಿದರು. 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಅಧ್ಯಕ್ಷರಿಂದ ಕ್ಷಮಾದಾನವನ್ನೂ ಪಡೆದರು.

ಹಾಗೆಂದು ಸೋತವನಿಗೆ ಮತ್ತೆ ಅವಕಾಶ ಕೊಡಬಾರದೆಂಬುದು ನನ್ನ ವಾದವಲ್ಲ. ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರ ಓದಿದವನಾಗಿ ನನಗೆ ಗೊತ್ತಿರುವ ಒಂದು ಸತ್ಯವೆಂದರೆ, ಸೋಲಿಗೆ ಜೀವಾವಧಿ ಶಿಕ್ಷೆ ಕೊಡುವ ಸಮಾಜದಲ್ಲಿ ಯಾರೂ ಹೊಸದನ್ನು ಕೈಗೆತ್ತಿಕೊಳ್ಳುವುದಿಲ್ಲ. ಸಾಲ ತೀರಿಸಲಾಗದವರನ್ನು ಸೆರೆಮನೆಗೆ ತಳ್ಳುವ ಪದ್ಧತಿಯನ್ನು ನಾಗರಿಕ ದೇಶಗಳು ಕೈಬಿಟ್ಟದ್ದು ಕರುಣೆಯಿಂದ ಮಾತ್ರವಲ್ಲ. ಸೆರೆಯಲ್ಲಿರುವವನು ದುಡಿದು ಸಾಲ ತೀರಿಸಲಾರ ಎಂಬ ಲೆಕ್ಕಾಚಾರದಿಂದಲೂ ಹೌದು. ಸೀಮಿತ ಹೊಣೆಗಾರಿಕೆಯ ಕಂಪನಿ ಎಂಬ ಕಲ್ಪನೆಯೇ ಎರಡನೇ ಅವಕಾಶದ ತಳಹದಿಯ ಮೇಲೆ ನಿಂತಿದೆ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನೋಡೋಣ. 2013ರಲ್ಲಿ ತುಮಕೂರಿನ ಯುವಕರು ಕಟ್ಟಿದ ಯೂನೊಕಾಯಿನ್ ದೇಶದ ಮೊದಲ ಬಿಟ್‌ಕಾಯಿನ್ ವಿನಿಮಯ ಸಂಸ್ಥೆಗಳಲ್ಲೊಂದು. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಇಂಥ ವಹಿವಾಟಿಗೆ ಬ್ಯಾಂಕುಗಳು ಸೇವೆ ನೀಡಬಾರದೆಂದು ಹೇಳಿತು. ಅದೇ ಅಕ್ಟೋಬರ್‌ನಲ್ಲಿ ಸಂಸ್ಥೆ ಬೆಂಗಳೂರಿನ ಮಾಲ್ ಒಂದರಲ್ಲಿ ಎಟಿಎಂ ಮಾದರಿಯ ಯಂತ್ರ ಇಟ್ಟಿತು. ಪರವಾನಗಿ ಇಲ್ಲವೆಂದು ಪೊಲೀಸರು ಯಂತ್ರವನ್ನು ವಶಪಡಿಸಿಕೊಂಡು ಸಹಸಂಸ್ಥಾಪಕರಿಬ್ಬರನ್ನು ಬಂಧಿಸಿದರು. ಬಂಧಿತರ ಚಿತ್ರ ಪತ್ರಿಕೆಯಲ್ಲಿ ಬಂದರೆ ನಮ್ಮ ಮಧ್ಯಮ ವರ್ಗ ಅಲ್ಲಿಗೇ ತೀರ್ಪು ಬರೆದು ಮುಗಿಸುತ್ತದೆ. ಆದರೆ 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ರಿಸರ್ವ್ ಬ್ಯಾಂಕಿನ ಆ ಸುತ್ತೋಲೆಯನ್ನೇ ರದ್ದುಪಡಿಸಿತು. ಸಂಸ್ಥೆ ವಹಿವಾಟು ಮುಂದುವರಿಸಿತು. ಇಲ್ಲಿ ವಿವಾದವಿದ್ದದ್ದು ನಿಯಮದ ಬಗ್ಗೆ. ಗ್ರಾಹಕರ ಹಣ ನುಂಗಿದ ಆರೋಪದ ಬಗ್ಗೆ ಅಲ್ಲ. ಇಂಥವರಿಗೆ ಅವಕಾಶದ ಬಾಗಿಲು ಮುಚ್ಚಿದರೆ ಅದು ಅನ್ಯಾಯ.

ಆದ್ದರಿಂದ ‘ಕಳಂಕಿತ ಉದ್ಯಮಿ’ ಎಂಬ ಒಂದೇ ಚೀಲಕ್ಕೆ ಎಲ್ಲರನ್ನೂ ತುಂಬಬಾರದು. ಕಾನೂನು ಸ್ಪಷ್ಟವಿಲ್ಲದ ಜಾಗದಲ್ಲಿ ಕಾಲಿಟ್ಟು ಸಿಕ್ಕಿಬಿದ್ದವರು ಒಂದು ಬಗೆ. ಲೆಕ್ಕಾಚಾರ ತಪ್ಪಿ, ಇಲ್ಲವೇ ಕಳ್ಳರ ಕೈಗೆ ಸಿಕ್ಕಿ ಪರರ ಹಣ ಕಳೆದವರು ಇನ್ನೊಂದು ಬಗೆ. ಪರರ ಹಣವನ್ನು ತಮ್ಮದೆಂದೇ ಬಳಸಿಕೊಂಡವರು ಮೂರನೆಯ ಬಗೆ. ಎಫ್‌ಟಿಎಕ್ಸ್ ಪ್ರಕರಣದಲ್ಲಿ ಗ್ರಾಹಕರು ಇಟ್ಟ ಹಣ ಸ್ಥಾಪಕನದೇ ಇನ್ನೊಂದು ಸಂಸ್ಥೆಯ ಜೂಜಿಗೆ ಹೋಯಿತು. 2024ರ ಮಾರ್ಚ್‌ನಲ್ಲಿ ಆತನಿಗೆ 25 ವರ್ಷಗಳ ಸಜೆಯಾಯಿತು. ಮೂರು ಬಗೆಯವರೂ ವಿಡಿಯೊದಲ್ಲಿ ಆಡುವ ಮಾತು ಮಾತ್ರ ಒಂದೇ: ‘ನಾನು ಪಾಠ ಕಲಿತಿದ್ದೇನೆ.’

ಮಾತಿನಿಂದ ಇವರನ್ನು ಬೇರ್ಪಡಿಸುವುದು ಸಾಧ್ಯವಿಲ್ಲ ಎಂಬುದೇ ಸಮಸ್ಯೆಯ ತಿರುಳು. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಮುಂದಿಟ್ಟು ಇದನ್ನು ವಿವರಿಸಿದರು. ಯಾವುದು ಒಳ್ಳೆಯ ಕಾರು, ಯಾವುದು ಕೆಟ್ಟದ್ದು ಎಂಬುದು ಮಾರುವವನಿಗೆ ಮಾತ್ರ ಗೊತ್ತಿದ್ದರೆ, ಒಳ್ಳೆಯ ಕಾರಿನ ಒಡೆಯ ಸರಿಯಾದ ಬೆಲೆ ಸಿಗದೆ ಮಾರುಕಟ್ಟೆಯಿಂದ ಹಿಂದೆ ಸರಿಯುತ್ತಾನೆ. ಉಳಿಯುವುದು ಕೆಟ್ಟ ಕಾರುಗಳೇ. ಎರಡನೇ ಅವಕಾಶದ ಮಾರುಕಟ್ಟೆಯೂ ಹಾಗೆಯೇ. ಪ್ರಾಮಾಣಿಕವಾಗಿ ಸೋತವನು ನಾಚಿಕೆಯಿಂದ ಮನೆ ಸೇರುತ್ತಾನೆ. ನಾಚಿಕೆ ಇಲ್ಲದವನು ಹೆಸರು ಬದಲಿಸಿಕೊಂಡು ಮೊದಲು ಮರಳುತ್ತಾನೆ. ಹೆಸರು, ಊರು, ಮುಖ ಯಾವುದನ್ನೂ ತೋರಿಸದೆ ನಾಣ್ಯ ಹೊರಡಿಸಬಹುದಾದ ಲೋಕದಲ್ಲಿ ಈ ಕಾಯಿಲೆ ಇನ್ನೂ ಬೇಗ ಹರಡುತ್ತದೆ.

ಹಾಗಾದರೆ ಗುರುತಿಸುವುದು ಹೇಗೆ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಕೃಷ್ಣರಾಜನಗರ ತಾಲ್ಲೂಕಿನ ಒಂದು ಅರಳಿಕಟ್ಟೆಯ ಮೇಲೆ. ಅಲ್ಲಿ ಒಬ್ಬಾತ ಚೀಟಿ ನಡೆಸುತ್ತಿದ್ದ. ಒಂದು ರಾತ್ರಿ ಊರು ಬಿಟ್ಟ. ದೂರು ನನ್ನ ಕಚೇರಿಯವರೆಗೂ ಬಂತು. ನಾಲ್ಕೈದು ತಿಂಗಳ ನಂತರ ಆತ ತಾನಾಗಿಯೇ ಹಿಂದಿರುಗಿದ. ಗಲಾಟೆಯಾದೀತೆಂದು ನಾನೂ ತಹಶೀಲ್ದಾರರೂ ಹೋದೆವು. ಆತ ಎಲ್ಲರೆದುರು ಒಂದು ನೋಟ್‌ಬುಕ್ ತೆರೆದು ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನು ಹೆಸರು ಹಿಡಿದು ಓದಿದ. ಹಣ ಎಲ್ಲಿ ಹೋಯಿತೆಂಬುದನ್ನೂ ಹೇಳಿದ: ಒಂದಿಷ್ಟು ಚೀಟಿ ಎತ್ತಿ ಮತ್ತೆ ಕಟ್ಟದವರಿಂದ ಮುಳುಗಿತ್ತು, ಒಂದಿಷ್ಟು ಆತನ ಸ್ವಂತ ವ್ಯಾಪಾರದಲ್ಲಿ ಹೋಗಿತ್ತು. ಇದ್ದ ಜಮೀನು ಮಾರಿಸಿ ಹಂಚಲು ಒಪ್ಪಿದ. ಉಳಿದದ್ದನ್ನು ಅಕ್ಕಿ ಗಿರಣಿಯಲ್ಲಿ ದುಡಿದು ತೀರಿಸಿದ. ಏಳು ವರ್ಷ ಹಿಡಿಯಿತೆಂದು ಅನಂತರ ಕೇಳಿದೆ. ಆ ಊರಿನವರು ಮುಂದೆ ಆತನ ಪುಟ್ಟ ಅಂಗಡಿಗೆ ಸಾಲವಾಗಿ ಅಕ್ಕಿ ಕೊಟ್ಟರು. ಮಗನ ಮದುವೆಗೆ ಹೆಣ್ಣನ್ನೂ ಕೊಟ್ಟರು. ಆದರೆ ಚೀಟಿ ನಡೆಸಲು ಮಾತ್ರ ಮತ್ತೆ ಬಿಡಲಿಲ್ಲ.

ಆ ಊರು ಓದು ಬರಹದ ನೆರವಿಲ್ಲದೆಯೇ ಒಂದು ಸೂಕ್ಷ್ಮವನ್ನು ಅರಿತಿತ್ತು. ಬದುಕಲು ಎರಡನೇ ಅವಕಾಶ ಬೇರೆ; ಪರರ ಹಣ ಹಿಡಿಯಲು ಎರಡನೇ ಅವಕಾಶ ಬೇರೆ. ಮೊದಲನೆಯದು ಪ್ರತಿ ಮನುಷ್ಯನ ಹಕ್ಕು. ಎರಡನೆಯದು ಹಕ್ಕಲ್ಲ, ಗಳಿಸಿಕೊಳ್ಳಬೇಕಾದ ವಿಶ್ವಾಸ. ಅದನ್ನು ಕೊಡುವ ಅಧಿಕಾರ ಅಭಿಮಾನಿಗಳಿಗಾಗಲಿ, ಹೊಸ ಹೂಡಿಕೆದಾರರಿಗಾಗಲಿ ಇಲ್ಲ. ಹಣ ಕಳೆದುಕೊಂಡವರಿಗೆ ಮಾತ್ರ ಇದೆ. ಕ್ರಿಪ್ಟೊ ಲೋಕ ಮಾಡುತ್ತಿರುವ ತಪ್ಪೆಂದರೆ ಇವೆರಡನ್ನೂ ಒಂದೇ ಎಂದು ಭಾವಿಸಿರುವುದು. ಕಳೆದುಕೊಂಡವನ ಪರವಾಗಿ, ಏನನ್ನೂ ಕಳೆದುಕೊಳ್ಳದವನು ಕ್ಷಮೆ ನೀಡುತ್ತಿದ್ದಾನೆ.

ಕಳೆದುಕೊಂಡವರನ್ನೇ ಕೇಳುವುದು ಅಸಾಧ್ಯವೇನಲ್ಲ. 2024ರ ಜುಲೈ 18ರಂದು ಭಾರತದ ದೊಡ್ಡ ವಿನಿಮಯ ಸಂಸ್ಥೆಗಳಲ್ಲೊಂದಾದ ವಜೀರ್‌ಎಕ್ಸ್‌ನಿಂದ 23 ಕೋಟಿ ಡಾಲರ್‌ಗೂ ಹೆಚ್ಚು ಮೌಲ್ಯದ ಆಸ್ತಿಯನ್ನು ಕನ್ನ ಹಾಕಿ ದೋಚಲಾಯಿತು. ಪ್ರಕರಣ ಸಿಂಗಪುರದ ಹೈಕೋರ್ಟ್‌ಗೆ ಹೋಯಿತು. ಪುನರ್‌ರಚನೆಯ ಯೋಜನೆಯನ್ನು ಗ್ರಾಹಕರ ಮತಕ್ಕೆ ಹಾಕಲಾಯಿತು. ಮತ ಹಾಕಿದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಒಪ್ಪಿದರು. 2025ರ ಅಕ್ಟೋಬರ್‌ನಲ್ಲಿ ನ್ಯಾಯಾಲಯದ ಒಪ್ಪಿಗೆಯೊಂದಿಗೆ ಸಂಸ್ಥೆ ಮತ್ತೆ ಬಾಗಿಲು ತೆರೆಯಿತು. ಬೇರೆ ದಾರಿ ಕಾಣದೆ ‘ಹೌದು’ ಎಂದವರೂ ಅದರಲ್ಲಿ ಇದ್ದಿರಬಹುದು. ಆದರೂ ಕೇಳಬೇಕಾದವರನ್ನು ಕೇಳಲಾಯಿತು ಎಂಬುದು ಮುಖ್ಯ. ವಿಷಾದದ ಸಂಗತಿಯೆಂದರೆ, ಭಾರತದ ಗ್ರಾಹಕರನ್ನು ಕೇಳಲು ಸಿಂಗಪುರದ ನ್ಯಾಯಾಲಯ ಬೇಕಾಯಿತು.

ನಮ್ಮ ಸರ್ಕಾರ ಈ ಕ್ಷೇತ್ರದ ಮೇಲೆ ತೆರಿಗೆ ಹಾಕುವುದನ್ನು ಮರೆತಿಲ್ಲ. 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇ 30, ಅದೇ ಜುಲೈನಿಂದ ವಹಿವಾಟಿನ ಮೇಲೆ ಶೇ 1ರ ಮೂಲದಲ್ಲೇ ಕಡಿತ. 2023ರ ಮಾರ್ಚ್‌ನಲ್ಲಿ ಈ ಸಂಸ್ಥೆಗಳನ್ನು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ತಂದು, ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿಯನ್ನು ಕಡ್ಡಾಯ ಮಾಡಲಾಯಿತು. ನೋಂದಣಿ ಮಾಡಿಕೊಳ್ಳದ ಬೈನಾನ್ಸ್ 2024ರಲ್ಲಿ 18.82 ಕೋಟಿ ರೂಪಾಯಿ ದಂಡಕ್ಕೆ ಗುರಿಯಾಗಿ ಮತ್ತೆ ಭಾರತಕ್ಕೆ ಬಂತು. ಇವೆಲ್ಲ ಬೇಕಾದವೇ. ಆದರೆ ಇವು ಬೊಕ್ಕಸದ ಮತ್ತು ಭದ್ರತೆಯ ಕಾಳಜಿಗಳು. ಹಣ ಕಳೆದುಕೊಂಡ ಪಿರಿಯಾಪಟ್ಟಣದ ಹುಡುಗ ಇವುಗಳಲ್ಲಿ ಎಲ್ಲಿಯೂ ಬರುವುದಿಲ್ಲ.

ಇನ್ನು ತಂದೆಯ ಮಾತಿಗೆ ಬರುತ್ತೇನೆ. ದೊಡ್ಡ ಕಂಪನಿಗಳಿಗೆ ನಾವು 2016ರಲ್ಲಿ ದಿವಾಳಿ ಸಂಹಿತೆಯನ್ನು ರೂಪಿಸಿದೆವು. ಸಾಲ ಮುಳುಗಿಸಿದ ಪ್ರವರ್ತಕರೇ ಅಗ್ಗದ ಬೆಲೆಗೆ ತಮ್ಮ ಕಂಪನಿಯನ್ನು ಮರಳಿ ಕೊಳ್ಳದಂತೆ 2017ರ ನವೆಂಬರ್‌ನಲ್ಲಿ ಅದಕ್ಕೆ 29ಎ ಎಂಬ ಕಲಂ ಸೇರಿಸಿದೆವು. ಸರಿಯಾದ ಹೆಜ್ಜೆ. ಅದೇ ಸಂಹಿತೆಯಲ್ಲಿ ಬಡ ಸಾಲಗಾರನಿಗಾಗಿ ‘ಹೊಸ ಆರಂಭ’ ಎಂಬ ಅಧ್ಯಾಯವೂ ಇದೆ. ವರ್ಷಕ್ಕೆ 60,000 ರೂಪಾಯಿಗಿಂತ ಹೆಚ್ಚು ಆದಾಯವಿಲ್ಲದ, 20,000 ರೂಪಾಯಿ ಮೀರಿದ ಆಸ್ತಿಯಿಲ್ಲದ, ಸ್ವಂತ ಮನೆಯಿಲ್ಲದ ಮನುಷ್ಯ 35,000 ರೂಪಾಯಿವರೆಗಿನ ಸಾಲದಿಂದ ಬಿಡುಗಡೆ ಕೋರಬಹುದು. ಸ್ವಂತ ಸೂರಿದ್ದರೆ ಅನರ್ಹನಾಗುವ ಈ ನಿಯಮದಿಂದ ನಮ್ಮ ತಂಬಾಕು ರೈತನಿಗೆ ಹೇಗೂ ಉಪಯೋಗವಿಲ್ಲ. ಅದಿರಲಿ, ಅತ್ಯಂತ ಬಡವನಿಗಾಗಿ ಬರೆದ ಆ ಅಧ್ಯಾಯವೂ ಇನ್ನೂ ಜಾರಿಗೆ ಬಂದಿಲ್ಲ. ಸಾಮಾನ್ಯ ಮನುಷ್ಯ ‘ಪಾಪರ್’ ಆಗಬೇಕಾದರೆ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯ ಬಾಗಿಲನ್ನೇ ತಟ್ಟಬೇಕು.

2023ರ ಜೂನ್ 8ರಂದು ರಿಸರ್ವ್ ಬ್ಯಾಂಕ್ ರಾಜಿ ತೀರುವಳಿಗಳ ಬಗ್ಗೆ ಚೌಕಟ್ಟೊಂದನ್ನು ಪ್ರಕಟಿಸಿತು. ಉದ್ದೇಶಪೂರ್ವಕ ಸುಸ್ತಿದಾರರೊಂದಿಗೂ ಬ್ಯಾಂಕುಗಳು ರಾಜಿ ಮಾಡಿಕೊಳ್ಳಬಹುದು ಎಂಬುದು ಆಗ ದೊಡ್ಡ ಚರ್ಚೆಯಾಯಿತು. ಇಂಥವರು ಹೊಸ ಉದ್ಯಮ ಕಟ್ಟಲು ಸಾಲ ಪಡೆಯುವುದರ ಮೇಲಿನ ಹಳೆಯ ನಿರ್ಬಂಧ ಹಾಗೆಯೇ ಇದೆಯೆಂದು ಬ್ಯಾಂಕ್ ಬಳಿಕ ಸ್ಪಷ್ಟಪಡಿಸಿತು. ಆದರೆ ಹೆಚ್ಚು ಗಮನಕ್ಕೆ ಬಾರದ ಸಾಲೊಂದು ಅದರಲ್ಲಿತ್ತು. ರಾಜಿ ಮಾಡಿಕೊಂಡವರಿಗೆ ಮತ್ತೆ ಸಾಲ ಕೊಡುವ ಮುನ್ನ ಕನಿಷ್ಠ 12 ತಿಂಗಳು ಕಾಯಬೇಕು. ಕೃಷಿ ಸಾಲಕ್ಕೆ ಮಾತ್ರ ಆ ಅವಧಿಯನ್ನು ಆಯಾ ಬ್ಯಾಂಕಿನ ಆಡಳಿತ ಮಂಡಳಿ ನಿರ್ಧರಿಸಬೇಕು. ಉದಾರವಾಗಿರಲು ಬ್ಯಾಂಕುಗಳಿಗೆ ಇದೊಂದು ಅವಕಾಶವಾಗಿತ್ತು. ನನ್ನ ಪರಿಚಯದ ರೈತರ ಅನುಭವ ನೋಡಿದರೆ, ಗಡುವೇ ಇಲ್ಲದ ಕಾಯುವಿಕೆಯಾಗಿ ಅದು ಪರಿಣಮಿಸಿದೆ.

ಈ ಮಣ್ಣಿಗೆ ಎರಡನೇ ಅವಕಾಶದ ಇನ್ನೊಂದು ನೆನಪೂ ಇದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಬಂದದ್ದು 1976ರ ಕರ್ನಾಟಕ ಋಣ ಪರಿಹಾರ ಕಾಯ್ದೆ. ಸಣ್ಣ ರೈತರು, ಭೂರಹಿತ ಕೃಷಿ ಕಾರ್ಮಿಕರು ಮತ್ತು ದುರ್ಬಲ ವರ್ಗದವರ ಖಾಸಗಿ ಸಾಲಗಳನ್ನು ಅದು ಅಳಿಸಿತು; ಅಡವಿಟ್ಟ ಒಡವೆ ಪಾತ್ರೆಗಳು ಮನೆಗೆ ಮರಳಿದವು. ಆ ಕಾಯ್ದೆಗೂ ಮಿತಿಗಳಿದ್ದವು. ಲೇವಾದೇವಿಗಾರ ಸಾಲ ಕೊಡುವುದನ್ನು ನಿಲ್ಲಿಸಿದಾಗ ಬ್ಯಾಂಕು ಆ ಜಾಗಕ್ಕೆ ಬರದಿದ್ದರೆ ಬಡವನೇ ಕಂಗಾಲಾಗುತ್ತಾನೆ. ಆದರೆ ಎರಡನೇ ಅವಕಾಶ ಮೊದಲು ಸಿಗಬೇಕಾದದ್ದು ಯಾರಿಗೆ ಎಂಬ ಬಗ್ಗೆ ಅರಸು ಅವರಿಗೆ ಗೊಂದಲವಿರಲಿಲ್ಲ.

ಸಾಲ ಮನ್ನಾ ಮರುಪಾವತಿಯ ಶಿಸ್ತನ್ನು ಕೆಡಿಸುತ್ತದೆ ಎಂದು ಓದುಗರು ಆಕ್ಷೇಪಿಸಬಹುದು. ನಾನೂ ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಮನ್ನಾ ಬೇರೆ, ಎರಡನೇ ಅವಕಾಶ ಬೇರೆ. ಮನ್ನಾ ಲೆಕ್ಕ ಕೇಳುವುದಿಲ್ಲ. ಕಟ್ಟಿದವನನ್ನೂ ಕಟ್ಟದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಎರಡನೇ ಅವಕಾಶ ಲೆಕ್ಕದಿಂದಲೇ ಶುರುವಾಗುತ್ತದೆ. ತಂಬಾಕು ರೈತನ ಲೆಕ್ಕದಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಬ್ಯಾರನ್ ಪರವಾನಗಿಯಿಂದ ಹರಾಜಿನವರೆಗೆ ಎಲ್ಲವೂ ತಂಬಾಕು ಮಂಡಳಿಯ ಪುಸ್ತಕದಲ್ಲಿದೆ. ಮಾರಾಟದ ಹಣದಿಂದಲೇ ಬ್ಯಾಂಕು ತನ್ನ ಕಂತನ್ನು ಮುರಿದುಕೊಳ್ಳುತ್ತದೆ. ಇಷ್ಟು ತೆರೆದ ಪುಸ್ತಕದವನಿಗೆ ಬಾಗಿಲು ಮುಚ್ಚಿ, ಹೆಸರೇ ಹೇಳದವನಿಗೆ ತೆರೆಯುವುದು ಯಾವ ನ್ಯಾಯ?

ಆಗಬೇಕಾದದ್ದು ಇಷ್ಟು. ಮೊದಲನೆಯದಾಗಿ, ಡಿಜಿಟಲ್ ಆಸ್ತಿಯ ಹೆಸರಿನಲ್ಲಿ ಸಾರ್ವಜನಿಕರಿಂದ ಹಣ ಪಡೆಯುವವನು ತನ್ನ ಹಿಂದಿನ ಎಲ್ಲ ಉದ್ಯಮಗಳನ್ನೂ, ಅವುಗಳಲ್ಲಿ ತೀರದೆ ಉಳಿದ ಬಾಕಿಯನ್ನೂ ನೋಂದಣಿಯ ವೇಳೆ ಘೋಷಿಸಬೇಕು. ಅದನ್ನು ಯಾರು ಬೇಕಾದರೂ ನೋಡುವಂತಿರಬೇಕು. ಎರಡನೆಯದಾಗಿ, ಹಳೆಯ ಬಾಕಿ ತೀರುವವರೆಗೆ, ಇಲ್ಲವೇ ಕಳೆದುಕೊಂಡವರು ನ್ಯಾಯಾಲಯದ ಮುಂದೆ ಒಪ್ಪುವವರೆಗೆ, ಹೊಸದಾಗಿ ಪರರ ಹಣ ಪಡೆಯಲು ಬಿಡಬಾರದು. ದುಡಿಯಲಿ, ಸ್ವಂತ ಹಣದಲ್ಲಿ ಉದ್ಯಮ ಕಟ್ಟಲಿ, ಅಡ್ಡಿಯಿಲ್ಲ. ಮೂರನೆಯದಾಗಿ, ನಮ್ಮ ರಾಜ್ಯದ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆಯ ಅಡಿ ನೇಮಕವಾಗುವ ಸಕ್ಷಮ ಪ್ರಾಧಿಕಾರಿಗಳಿಗೆ ಇಂಥ ಆಸ್ತಿಯನ್ನು ಪತ್ತೆಹಚ್ಚುವ ಪರಿಣತಿಯನ್ನೂ ಸಿಬ್ಬಂದಿಯನ್ನೂ ಕೊಡಬೇಕು. ಉಪವಿಭಾಗ ಕಚೇರಿಯ ಕೆಲಸದ ಹೊರೆ ನನಗೆ ಗೊತ್ತು. ಪಹಣಿ ತಿದ್ದುಪಡಿಯ ಮೇಲ್ಮನವಿ, ಚುನಾವಣೆ, ನೆರೆ ಪರಿಹಾರಗಳ ನಡುವೆ ಬಿಟ್‌ಕಾಯಿನ್ ಹುಡುಕು ಎಂದರೆ ಆಗದು. ಕೊನೆಯದಾಗಿ, ‘ಹೊಸ ಆರಂಭ’ದ ಅಧ್ಯಾಯವನ್ನು ಇಂದಿನ ಬೆಲೆಗಳಿಗೆ ತಕ್ಕ ಮಿತಿಗಳೊಂದಿಗೆ, ಸ್ವಂತ ಮನೆಯ ಷರತ್ತನ್ನು ಸಡಿಲಿಸಿ ಜಾರಿಗೆ ತರಬೇಕು. ತೀರುವಳಿ ಒಪ್ಪಂದದಂತೆ ಪೂರ್ತಿ ಕಟ್ಟಿದ ರೈತನ ದಾಖಲೆಯಿಂದ ಆ ಷರಾ ನಿಗದಿತ ಅವಧಿಯಲ್ಲಿ ಅಳಿಯಬೇಕು.

ಮದುವೆ ಮನೆಯಲ್ಲಿ ಹುಡುಗನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಚಿಕ್ಕದು. ‘ಹೊಸ ನಾಣ್ಯದ ಮಾತು ಆಮೇಲೆ. ಹಳೆಯ ಹಣ ಎಲ್ಲಿ ಹೋಯಿತೆಂದು ಅವನನ್ನು ಕೇಳು. ಲೆಕ್ಕ ಕೊಟ್ಟರೆ ಮುಂದಿನ ಮಾತು ಆಡೋಣ’ ಎಂದೆ. ವಾರದ ನಂತರ ಹುಡುಗ ಫೋನ್ ಮಾಡಿದ. ಪ್ರಶ್ನೆ ಕೇಳಿದ ಹತ್ತು ನಿಮಿಷದಲ್ಲಿ ಅವನನ್ನು ಆ ಗುಂಪಿನಿಂದ ತೆಗೆದುಹಾಕಿದ್ದರಂತೆ. ಅವನ ತಂದೆಯ ಸಾಲದ ಅರ್ಜಿ ಮಾತ್ರ ಇನ್ನೂ ಬ್ಯಾಂಕಿನಲ್ಲಿಯೇ ಇದೆ.